ಮನೆಯ ಪಡಸಾಲೆಯಲ್ಲಿ ಸಹಾಯಾರ್ಥ ಬೈಠಕ್ ಮಾಡುವುದು ಹೇಗೆ?

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಹಾಡುವವರಿಗೆ ಕೊರತೆ ಇಲ್ಲ. ಪೇಟಿ ಮಾಸ್ತರರು ಇದ್ದಾರೆ, ತಬಲಾ ನುಡಿಸುವವರು ಇದ್ದಾರೆ, ಏಕತಾರಿ ಹಿಡಿದು ರಾತ್ರಿಯಿಡೀ ತತ್ವಪದ ಹಾಡುವವರಿದ್ದಾರೆ, ಉರುಸಿನಲ್ಲಿ ಕವ್ವಾಲಿ ಹಾಡುವವರಿದ್ದಾರೆ. ಆದರೆ ಇವರಲ್ಲಿ ಬಹಳ ಮಂದಿಗೆ ತಿಂಗಳ ಸಂಬಳ ಇಲ್ಲ, ಪಿಂಚಣಿಯೂ ಇಲ್ಲ. ಒಂದು ಆಪರೇಷನ್ ಬಂದರೆ, ಮಗಳ ಕಾಲೇಜ್ ಫೀ ಕಟ್ಟುವುದಿದ್ದರೆ, ಮಳೆಗೆ ಗೋಡೆ ಬಿದ್ದರೆ ಮುಗಿಯಿತು. ಆಗ ನಾವು ಏನು ಮಾಡುತ್ತೇವೆ? ವಾಟ್ಸಾಪ್ ಗುಂಪಿಗೆ ಖಾತೆ ನಂಬರ್ ಹಾಕುತ್ತೇವೆ, ಜೊತೆಗೆ ಆಸ್ಪತ್ರೆ ಮಂಚದ ಮೇಲೆ ಮಲಗಿದ ಫೋಟೊ. ಹತ್ತು ಮಂದಿ ಕೈಮುಗಿದ ಚಿತ್ರ ಹಾಕುತ್ತಾರೆ, ನಾಲ್ಕು ಮಂದಿ ದುಡ್ಡು ಹಾಕುತ್ತಾರೆ.

ನನಗೆ ಇದು ಸರಿ ಅನಿಸುವುದಿಲ್ಲ. ಜೀವನಪೂರ್ತಿ ಹಾಡಿದವರು ಕೈ ಚಾಚಬೇಕಾಗಿಲ್ಲ. ಅವರ ಹಾಡಿಗೆ ನಾವು ಬೆಲೆ ಕೊಟ್ಟು ಕೇಳಿದರೆ ಸಾಕು. ಅದಕ್ಕೆ ಒಂದು ಹಳೆಯ, ಚೆನ್ನಾಗಿ ಪಳಗಿದ ದಾರಿ ಇದೆ. 19ನೇ ಶತಮಾನದಲ್ಲಿ ಲಂಡನ್, ಪ್ಯಾರಿಸ್, ವಿಯೆನ್ನಾದ ಸಂಗೀತಗಾರರಿಗೆ ಬೆನಿಫಿಟ್ ಕಾನ್ಸರ್ಟ್ ಗಳಿಕೆಯ ಒಂದು ಮುಖ್ಯ ದಾರಿ ಆಗಿತ್ತು. ಒಬ್ಬರ ಹೆಸರಲ್ಲಿ ಕಛೇರಿ, ಖರ್ಚು ಕಳೆದು ಉಳಿದದ್ದೆಲ್ಲಾ ಅವರಿಗೆ. ಅದರಲ್ಲೂ ಯಾರದೋ ದೊಡ್ಡ ಮನೆಯಲ್ಲಿ, ಕರೆದವರ ಮುಂದೆ, ಟಿಕೆಟ್ ಇಟ್ಟು ಮಾಡುವ ಪದ್ಧತಿ ಇತ್ತಲ್ಲ, ಅದು ನಮ್ಮ ಊರಿಗೆ ಹೇಳಿ ಮಾಡಿಸಿದ ಹಾಗಿದೆ. ಹೀಗೆ ಮನೆಯಲ್ಲಿ ಕೂತು ಹಾಡು ಕೇಳುವ ಬೈಠಕ್ ಹೇಗೆ ಮಾಡಬೇಕು ಅಂತ ಇಲ್ಲಿ ಬರೆಯುತ್ತೇನೆ.

ಹಾಲ್ ಬೇಡ, ಮನೆ ಹಿಡಿಯಿರಿ

ಮೊದಲ ಯೋಚನೆ ಯಾವಾಗಲೂ ಹಾಲ್ ಬುಕ್ ಮಾಡುವುದು. ಅಲ್ಲೇ ದುಡ್ಡು ಸೋರುತ್ತದೆ. ಬಾಡಿಗೆ, ಮೈಕ್, ಸ್ಟೇಜ್ ಬ್ಯಾನರ್, ಶಾಲು, ಹಾರ, ನೆನಪಿನ ಕಾಣಿಕೆ, ಅತಿಥಿಗಳ ಊಟ. ಕೊನೆಗೆ ಕಲಾವಿದರ ಕೈಗೆ ಏನು ಬರುತ್ತದೆ ಹೇಳಿ.

ಇದು ಬೀಥೋವನ್‌ನಂಥ ದೊಡ್ಡ ಸಂಗೀತ ರಚನೆಕಾರನಿಗೂ ಆಗಿದೆ. 1824ರ ಮೇ 7ರಂದು ವಿಯೆನ್ನಾದ ದೊಡ್ಡ ನಾಟಕಶಾಲೆಯಲ್ಲಿ ಅವನ ಒಂಬತ್ತನೇ ಸಿಂಫನಿ (ಬಹಳ ವಾದ್ಯದವರು ಕೂಡಿ ನುಡಿಸುವ ಕೃತಿ) ಮೊದಲ ಸಲ ನುಡಿಸಿದರು. ಅದು ಅವನ ಲಾಭಕ್ಕಾಗಿಯೇ ಇಟ್ಟ ಕಛೇರಿ. ಜನ ತುಂಬಿದ್ದರು, ಚಪ್ಪಾಳೆಗೆ ಮಿತಿಯೇ ಇರಲಿಲ್ಲ. ಒಟ್ಟು 2,200 ಫ್ಲೋರಿನ್ (ಅಲ್ಲಿಯ ಆಗಿನ ನಾಣ್ಯ) ಬಂತು. ನಾಟಕಶಾಲೆಗೆ ಕೊಡುವುದು, ವಾದ್ಯದವರಿಗೆ ಸ್ವರ ಬರೆದು ಪ್ರತಿ ಮಾಡಿದವರಿಗೆ ಕೊಡುವುದು ಎಲ್ಲಾ ಕಳೆದು ಅವನಿಗೆ ಉಳಿದದ್ದು 420. ಅದರಲ್ಲೂ ಇನ್ನೂ ಕೆಲವು ಸಣ್ಣ ಖರ್ಚು ಬಾಕಿ ಇದ್ದವು.

ಈಗ ಪೋಲೆಂಡಿನ ಪಿಯಾನೊ ವಾದಕ ಶೋಪೆನ್‌ನ ಕಥೆ ನೋಡಿ. 1848ರಲ್ಲಿ ಪ್ಯಾರಿಸ್‌ನಲ್ಲಿ ಕ್ರಾಂತಿ ಆಯಿತು, ಪಾಠಕ್ಕೆ ಬರುತ್ತಿದ್ದ ಶಿಷ್ಯರು ಚದುರಿದರು, ಅವನ ಆದಾಯ ನಿಂತಿತು. ಎದೆಯ ಕಾಯಿಲೆ ಬೇರೆ. ಲಂಡನ್‌ಗೆ ಬಂದ. ಅಲ್ಲಿ ಜೂನ್ 23ರಂದು ಈಟನ್ ಪ್ಲೇಸ್‌ನ 99ನೇ ನಂಬರ್ ಮನೆಯಲ್ಲಿ ಅವನ ಕಛೇರಿ ನಡೆಯಿತು. ಅದು ಅಡಿಲೇಡ್ ಸಾರ್ಟೋರಿಸ್ ಎಂಬ ಗಾಯಕಿಯ ಮನೆ. ಟಿಕೆಟ್ ಒಂದು ಗಿನಿ, ಅಂದರೆ 21 ಶಿಲಿಂಗ್. ಹೊಲದಲ್ಲಿ ದುಡಿಯುವವನ ವಾರದ ಕೂಲಿಗಿಂತ ಜಾಸ್ತಿ. ಮಾರಿದ್ದು 150 ಟಿಕೆಟ್ ಮಾತ್ರ. ಎರಡು ವಾರ ಬಿಟ್ಟು ಜುಲೈ 7ಕ್ಕೆ ಲಾರ್ಡ್ ಫಾಲ್ಮತ್ ಅವರ ಮನೆಯಲ್ಲಿ ಇನ್ನೊಂದು. ಮನೆ ಯಾರೋ ಕೊಟ್ಟದ್ದು, ಬಾಡಿಗೆ ಇಲ್ಲ. ಬಂದದ್ದು ಹೆಚ್ಚುಕಡಿಮೆ ಹಾಗೇ ಉಳಿಯಿತು.

ನಮ್ಮ ಲೆಕ್ಕಕ್ಕೆ ತಂದರೆ ಹೀಗೆ. ಒಂದು ಒಳ್ಳೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ 60 ಮಂದಿಯನ್ನು ಕೂರಿಸಬಹುದು ಅಂದುಕೊಳ್ಳಿ. ಟಿಕೆಟ್ 500 ರೂಪಾಯಿ. 30,000 ಆಯಿತು. ಚಹಾ, ಸುಸಲಾ, ಟಿಕೆಟ್ ಪ್ರಿಂಟ್, ಸಾಥಿಯವರ (ಪೇಟಿ, ತಬಲಾ ಸಾಥ್ ಕೊಡುವವರ) ಆಟೊ ಎಲ್ಲಾ ಸೇರಿ 4,000 ಹಿಡಿಯಿರಿ. 26,000 ಕಲಾವಿದರ ಕೈಗೆ. ಇಷ್ಟೇ ದುಡ್ಡು ಹಾಲ್‌ನಲ್ಲಿ ಮಾಡಿ ಉಳಿಸಬೇಕೆಂದರೆ ಎಷ್ಟು ಟಿಕೆಟ್ ಮಾರಬೇಕಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಮೊದಲು ಕಲಾವಿದರನ್ನೇ ಕೇಳಿ

ಎಷ್ಟೋ ಸಲ ಇದನ್ನೇ ಬಿಡುತ್ತಾರೆ. ಪೋಸ್ಟರ್ ಆದಮೇಲೆ ಅವರಿಗೆ ಗೊತ್ತಾಗುತ್ತದೆ. ಹಾಗೆ ಮಾಡಬೇಡಿ. ಅವರ ಮನೆಗೆ ಹೋಗಿ, ಕೂತು, ನೇರವಾಗಿ ಕೇಳಿ: "ಗುರುಗಳೇ, ನಿಮ್ಮ ಹಾಡು ಕೇಳ್ಬೇಕಂತ ಒಂದು ಬೈಠಕ್ ಇಡ್ತೀವ್ರಿ. ಟಿಕೆಟ್ ಇಡ್ತೀವಿ. ಬಂದದ್ದು ನಿಮಗ." ಇಷ್ಟು ಸಾಕು. ಕಾಯಿಲೆ, ಸಾಲ ಇದನ್ನೆಲ್ಲ ಮಾತಿನ ಮೊದಲಿಗೆ ತರಬೇಡಿ. ಟಿಕೆಟ್ ಮೇಲೆ, ಮೆಸೇಜಿನಲ್ಲಿ ಕಾರಣ ಬರೆಯಬೇಕೋ ಬೇಡವೋ ಎನ್ನುವುದು ಅವರ ಇಷ್ಟ. ಬೇಡ ಅಂದರೆ ಬರೆಯಬಾರದು. ಅವರ ಹೆಸರು, ಹಾಡುವ ಪ್ರಕಾರ, ಸಾಥಿಯವರ ಹೆಸರು, ದಿನ, ಹೊತ್ತು. ಅಷ್ಟೇ ಇರಲಿ. ಫೋಟೊ ಹಾಕುವುದಾದರೆ ಹಾಡುವಾಗಿನದು ಹಾಕಿ.

ಅವರಿಗೆ ಹಾಡುವ ಶಕ್ತಿ ಇಲ್ಲದಿದ್ದರೆ ಶಿಷ್ಯರು ಹಾಡಲಿ, ಅವರು ಮುಂದೆ ಗೋಡೆಗೆ ಒರಗಿ ಕೂರಲಿ. ಒಂದೇ ಒಂದು ಪದ ಹಾಡುತ್ತೇನೆ ಅಂದರೂ ಸರಿ.

ಒಬ್ಬರೇ ಹಾಡಬೇಕಾಗಿಲ್ಲ

ಆ ಕಾಲದ ಬೆನಿಫಿಟ್ ಕಾನ್ಸರ್ಟ್‌ಗಳಲ್ಲಿ ಒಬ್ಬರೇ ಕೂತು ಎರಡು ಗಂಟೆ ನುಡಿಸುವ ಪದ್ಧತಿ ಇರಲಿಲ್ಲ. ಒಬ್ಬರು ಪಿಯಾನೊ ನುಡಿಸಿದರೆ ಆಮೇಲೆ ಇನ್ನೊಬ್ಬರು ಹಾಡುತ್ತಿದ್ದರು, ಆಮೇಲೆ ಪಿಟೀಲು. ಶೋಪೆನ್‌ನ ಮೊದಲ ಕಛೇರಿಯಲ್ಲಿ ಮಾರಿಯೊ ಎಂಬ ಹೆಸರಾಂತ ಒಪೆರಾ ಗಾಯಕ ಹಾಡಿದ. ಎರಡನೆಯದರಲ್ಲಿ ಪಾಲಿನ್ ವಿಯಾರ್ಡೊ ಹಾಡಿದಳು. ಇದರಿಂದ ಎರಡು ಅನುಕೂಲ. ಕಾಯಿಲೆ ಇದ್ದವರಿಗೆ ನಡುವೆ ಉಸಿರು ತೆಗೆದುಕೊಳ್ಳಲು ಹೊತ್ತು ಸಿಗುತ್ತದೆ, ಮತ್ತೆ ಎರಡೆರಡು ಕಡೆಯ ಅಭಿಮಾನಿಗಳು ಟಿಕೆಟ್ ಕೊಳ್ಳುತ್ತಾರೆ.

ಸಂಗೀತಗಾರರು ಒಬ್ಬರ ಬೆನಿಫಿಟ್‌ನಲ್ಲಿ ಇನ್ನೊಬ್ಬರು ದುಡ್ಡು ತೆಗೆದುಕೊಳ್ಳದೆ ನುಡಿಸುವುದು ಅಲ್ಲಿ ರೂಢಿ. ಇವತ್ತು ನಿನ್ನದು, ನಾಳೆ ನನ್ನದು. ನಮ್ಮಲ್ಲಿ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಹೊಲದಲ್ಲಿ ಮುಯ್ಯಾಳು ಹೋಗುವುದು ಗೊತ್ತಿದ್ದವರಿಗೆ ಇದೂ ಗೊತ್ತು. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ತಬಲಾದವರೂ ಕಷ್ಟದಲ್ಲಿರಬಹುದು. ಸುಮ್ನೆ "ಸೇವೆ ಅಂತ ಬನ್ನಿ" ಅನ್ನಬೇಡಿ. ಮೊದಲೇ ಕೇಳಿ. ಬೇರೆ ಊರಿನಿಂದ ಬರುವವರಿಗೆ ಬಸ್ ಚಾರ್ಜ್, ಊಟ, ರಾತ್ರಿ ಮಲಗುವ ವ್ಯವಸ್ಥೆ ಖರ್ಚಿನ ಲೆಕ್ಕದಲ್ಲಿ ಸೇರಿರಲಿ. ಶಹಾಪುರದಿಂದಲೋ ಹುಮನಾಬಾದಿನಿಂದಲೋ ಬಂದವರನ್ನು ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಬರುವುದು ಬಹಳ ತಪ್ಪು.

ನಮ್ಮ ಕಡೆ ಇನ್ನೊಂದು ಒಳ್ಳೆಯ ಸಂಗತಿ ಇದೆ. ಒಂದೇ ಸಂಜೆಯಲ್ಲಿ ಖಯಾಲ್, ವಚನ, ತತ್ವಪದ, ಕವ್ವಾಲಿ ಎಲ್ಲವೂ ಕೂಡಬಹುದು, ಯಾರಿಗೂ ಅದು ಬೇರೆ ಅನಿಸುವುದಿಲ್ಲ. ಕಡಕೋಳ ಮಡಿವಾಳಪ್ಪನವರ ಪದ, ಚೆನ್ನೂರು ಜಲಾಲಸಾಹೇಬರ ಪದ ಕೇಳಿ ಬೆಳೆದ ನೆಲ ಇದು. ಬಂದೇನವಾಜರ ದರ್ಗಾ, ಶರಣಬಸವೇಶ್ವರರ ಗುಡಿ ಎರಡೂ ಇರುವ ಊರು. ಹಾಗಾಗಿ ಕಾರ್ಯಕ್ರಮ ಕಟ್ಟುವಾಗ ಒಂದೇ ಬಗೆಗೆ ಅಂಟಿಕೊಳ್ಳಬೇಡಿ. ಅರ್ಧ ಗಂಟೆ ಶಿಷ್ಯರದು, ಮುಕ್ಕಾಲು ಗಂಟೆ ಮುಖ್ಯ ಕಲಾವಿದರ ರಾಗ, ಚಹಾ, ಆಮೇಲೆ ತತ್ವಪದ, ಕೊನೆಗೆ ಮತ್ತೆ ಮುಖ್ಯ ಕಲಾವಿದರ ಭೈರವಿ. ಎರಡೂವರೆ ಗಂಟೆ ದಾಟಿದರೆ ಜನ ಗಡಿಯಾರ ನೋಡಲು ಶುರು ಮಾಡುತ್ತಾರೆ.

ಮನೆ ಕೇಳುವುದು

ಹಳೆಯ ವಾಡೆಗಳು ಇದಕ್ಕೆ ಬಹಳ ಚೆಂದ. ಬ್ರಹ್ಮಪುರದ ಕಡೆಯ ಹಳೆಯ ಮನೆಗಳು, ಹಳ್ಳಿಯ ಗೌಡರ ಮನೆಗಳು, ದೊಡ್ಡ ಪಡಸಾಲೆ, ನಡುವೆ ಅಂಗಳ. ಈಗಿನ ಬಡಾವಣೆಯ ಮನೆಯಾದರೂ ಹಾಲ್ ದೊಡ್ಡದಿದ್ದರೆ ಸಾಕು. ದೊಡ್ಡವರ ಹತ್ತಿರ ಹೋಗಿ, "ಕಾಕಾ, ಒಂದಿನ ಸಂಜಿಗಿ ನಿಮ್ಮ ಪಡಸಾಲಿ ಕೊಡ್ರಿ, ಹಾಸೋದು, ಉಡುಗೋದು ಎಲ್ಲಾ ನಾವೇ ಮಾಡ್ತೀವಿ" ಅಂತ ಹೇಳಿ. ಆದರೆ ಕಾಕಾ ಒಪ್ಪಿದರೆ ಆಗಲಿಲ್ಲ, ಮನೆಯ ಹೆಣ್ಣುಮಕ್ಕಳನ್ನೂ ಕೇಳಬೇಕು. 60 ಮಂದಿ ಬರುವ ಮನೆಯಲ್ಲಿ ಕೆಲಸ ಯಾರ ಮೇಲೆ ಬೀಳುತ್ತದೆ ಅಂತ ನಮಗೆಲ್ಲಾ ಗೊತ್ತು. ಅವರು ಅಡುಗೆಮನೆಯಲ್ಲಿ ಉಳಿಯದೆ ಮುಂದೆ ಕೂತು ಹಾಡು ಕೇಳುವ ಹಾಗೆ ಏರ್ಪಾಡು ಮಾಡಿ. ಚಹಾ ಹೊರಗಿನಿಂದ ಥರ್ಮಾಸಿನಲ್ಲಿ ತರಿಸಿ. ಪೇಪರ್ ಕಪ್ ತನ್ನಿ. ಎರಡು ದಿನ ಮೊದಲು ಪಕ್ಕದ ಮನೆಯವರಿಗೆ ಹೇಳಿ ಬನ್ನಿ, ಗಾಡಿ ಎಲ್ಲಿ ನಿಲ್ಲಿಸುವುದು ಅಂತ ಗೊತ್ತು ಮಾಡಿ.

ಊಟ ಇಡಬೇಡಿ. ಇದರಲ್ಲಿ ನನ್ನ ಹಟ ಇದೆ. ಶೋಪೆನ್ ಕೊನೆಯ ಸಲ ಜನರ ಮುಂದೆ ನುಡಿಸಿದ್ದು 1848ರ ನವೆಂಬರ್ 16ರಂದು, ಲಂಡನ್‌ನ ಗಿಲ್ಡ್‌ಹಾಲ್‌ನಲ್ಲಿ. ಪೋಲೆಂಡಿನಿಂದ ಬಂದ ನಿರಾಶ್ರಿತರ ಸಹಾಯಕ್ಕೆ. ಅವತ್ತು ಸಂಗೀತದ ಜೊತೆ ದೊಡ್ಡ ನೃತ್ಯಕೂಟವೂ ಇತ್ತು. ಬಹಳ ಮಂದಿ ಬಂದದ್ದು ಕುಣಿಯಲು. ಅಷ್ಟು ಕಾಯಿಲೆಯಲ್ಲಿ ಬಂದು ನುಡಿಸಿದವನ ಕಡೆ ಲಕ್ಷ್ಯ ಕೊಟ್ಟವರು ಕಡಿಮೆ. ನಮ್ಮಲ್ಲಿ ಊಟ ಇಟ್ಟರೂ ಹಾಗೇ ಆಗುತ್ತದೆ. ಕೊನೆಯ ಹಾಡಿನ ಹೊತ್ತಿಗೆ ಎಲ್ಲರ ಮನಸ್ಸು ಶೇಂಗಾ ಹೋಳಿಗೆ ಮೇಲೆ, ಖರ್ಚೂ ಎರಡು ಪಟ್ಟು.

ದಿನ ಮತ್ತು ಹೊತ್ತು

ದೀಪಾವಳಿ ಆದಮೇಲೆ ಫೆಬ್ರವರಿವರೆಗೆ ಒಳ್ಳೆಯದು. ಬೀದರಿನಲ್ಲಿ ಡಿಸೆಂಬರ್ ರಾತ್ರಿ ಚಳಿ ಜಾಸ್ತಿ, ಅಂಗಳದಲ್ಲಿ ಮಾಡಿದರೆ ವಯಸ್ಸಾದವರಿಗೆ ಕಷ್ಟ, ಒಳಗೆ ಮಾಡಿ. ಹೋಳಿ ಆದ ಐದನೇ ದಿನ ಶರಣಬಸವೇಶ್ವರರ ಜಾತ್ರೆ, ಆ ವಾರ ಬಿಡಿ. ಉರುಸಿನ ದಿನಗಳನ್ನೂ ಬಿಡಿ, ಕವ್ವಾಲಿಯವರು ಆಗ ಸಿಗುವುದಿಲ್ಲ.

ಬೇಸಿಗೆಯಲ್ಲೇ ತುರ್ತು ಬಂದರೆ ಬೆಳಗಿನ ಬೈಠಕ್ ಇಡಿ. ಆರೂವರೆಗೆ ಶುರು, ಒಂಬತ್ತಕ್ಕೆ ಮುಗಿಸಿ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಲ್ಲಿ ಅದೇ ಸರಿಯಾದ ಹೊತ್ತು. ತೋಡಿ, ಜೌನಪುರಿ ಕೇಳುವ ಅವಕಾಶ ನಮಗೆ ಸಂಜೆಯ ಕಾರ್ಯಕ್ರಮಗಳಲ್ಲಿ ಸಿಗುವುದೇ ಇಲ್ಲ ಅಲ್ವಾ? ಲಂಡನ್‌ನಲ್ಲಿ ಶೋಪೆನ್‌ನ ಎರಡೂ ಮನೆ ಕಛೇರಿಗಳು ಹಗಲು ಹೊತ್ತಿನಲ್ಲೇ ನಡೆದವು.

ಟಿಕೆಟ್: ಎಲ್ಲಾ ಮೊದಲೇ ಮಾರಿ

ಬಾಗಿಲಲ್ಲಿ ಡಬ್ಬಿ ಇಡುವುದು, ತಟ್ಟೆ ಹಿಡಿದು ತಿರುಗುವುದು ಎರಡೂ ಬೇಡ. ಹಿಂದಿನ ದಿನದೊಳಗೆ ಎಲ್ಲಾ ಟಿಕೆಟ್ ಮಾರಿ ಆಗಿರಬೇಕು. ಲಂಡನ್‌ನಲ್ಲಿ ಹಾಗೇ ಮಾಡುತ್ತಿದ್ದರು. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಟಿಕೆಟ್ ಅರ್ಧ ಗಿನಿ, ಸಂಗೀತದ ಅಂಗಡಿಗಳಲ್ಲಿ ಇಲ್ಲವೇ ಕಲಾವಿದರ ಮನೆಯಲ್ಲೇ ಸಿಗುತ್ತದೆ ಅಂತ ಬರೆಯುತ್ತಿದ್ದರು. ಊರಿನ ಪ್ರಮುಖ ಹೆಂಗಸರು ತಮ್ಮ ಬಳಗದಲ್ಲಿ ಟಿಕೆಟ್ ಮಾರಿ ಕೊಡುತ್ತಿದ್ದರು. ನಮ್ಮಲ್ಲಿ ಈ ಕೆಲಸಕ್ಕೆ ಅಕ್ಕನ ಬಳಗದವರಿಗಿಂತ ಒಳ್ಳೆಯವರು ಸಿಗುವುದಿಲ್ಲ. ಐದೈದು ಟಿಕೆಟ್ ಒಬ್ಬೊಬ್ಬರಿಗೆ ಕೊಡಿ, ವಾರದೊಳಗೆ ಮುಗಿಯುತ್ತದೆ. ಪೇಟಿ, ತಬಲಾ ರಿಪೇರಿ ಮಾಡುವ ಅಂಗಡಿ, ಪುಸ್ತಕದ ಅಂಗಡಿ, ಸಂಗೀತ ಕಲಿಸುವ ಮಾಸ್ತರರ ಮನೆ, ಇಲ್ಲೂ ಕೆಲವು ಇಡಿ.

ಬೆಲೆ ಎಷ್ಟು ಇಡಬೇಕು? 1837ರ ಮಾರ್ಚ್ 31ರಂದು ಪ್ಯಾರಿಸ್‌ನಲ್ಲಿ ರಾಜಕುಮಾರಿ ಬೆಲ್ಜಿಯೊಜೊಸೊ ತನ್ನ ಮನೆಯಲ್ಲಿ ಇಟಲಿಯ ನಿರಾಶ್ರಿತರಿಗಾಗಿ ಕಛೇರಿ ಇಟ್ಟಳು. ಆಗಿನ ಇಬ್ಬರು ದೊಡ್ಡ ಪಿಯಾನೊ ವಾದಕರು, ಲಿಸ್ಟ್ ಮತ್ತು ಥಾಲ್‌ಬರ್ಗ್. ಇಬ್ಬರ ಅಭಿಮಾನಿಗಳು ಪತ್ರಿಕೆಗಳಲ್ಲಿ ಜಗಳ ಆಡುತ್ತಿದ್ದ ಕಾಲ ಅದು. ಇಬ್ಬರನ್ನೂ ಒಂದೇ ಮನೆಗೆ ಕರೆದು, ಟಿಕೆಟ್ 40 ಫ್ರಾಂಕ್ ಇಟ್ಟಳು. ಬಹಳ ದೊಡ್ಡ ಬೆಲೆ. ಯಾರು ಗೆದ್ದರು ಅಂತ ಕೇಳಿದ್ದಕ್ಕೆ, ಥಾಲ್‌ಬರ್ಗ್ ಜಗತ್ತಿನ ಮೊದಲ ಪಿಯಾನೊ ವಾದಕ, ಲಿಸ್ಟ್ ಒಬ್ಬನೇ ಪಿಯಾನೊ ವಾದಕ ಅಂತ ಒಂದು ಉತ್ತರ ಹುಟ್ಟಿಕೊಂಡಿತು. ಇಬ್ಬರಿಗೂ ಬೇಸರ ಇಲ್ಲ. ಬೇರೆ ಎಲ್ಲೂ ಸಿಗದ ಒಂದು ಕೂಡಿಕೆ ಇಟ್ಟರೆ ಜನ ದುಡ್ಡು ಕೊಡುತ್ತಾರೆ. ಕೆಲವು ವರ್ಷ ಒಟ್ಟಿಗೆ ಹಾಡದ ಇಬ್ಬರು ಗುರುಬಂಧುಗಳನ್ನು ಕೂಡಿಸಿ. ಇಲ್ಲವೇ ಒಬ್ಬ ಕವ್ವಾಲರನ್ನೂ ಒಬ್ಬ ತತ್ವಪದಕಾರರನ್ನೂ ಎದುರುಬದುರು ಕೂರಿಸಿ.

ನಾನಾದರೆ ಮೂರು ಬೆಲೆ ಇಡುತ್ತೇನೆ. 500 ಸಾಮಾನ್ಯ. ಕೊಡಬಲ್ಲವರಿಗೆ 2,000. ಸಂಗೀತ ಕಲಿಯುವ ಮಕ್ಕಳಿಗೆ 50. ಮೂರಕ್ಕೂ ಒಂದೇ ಬಣ್ಣದ ಟಿಕೆಟ್, ಕೂರುವ ಜಾಗದಲ್ಲಿ ವ್ಯತ್ಯಾಸ ಇಲ್ಲ. ಊರ ಹೊರಗಿರುವವರು, ಬೆಂಗಳೂರು, ಹೈದರಾಬಾದಿನಲ್ಲಿರುವವರು ಬರಲಾಗದಿದ್ದರೂ ಟಿಕೆಟ್ ಕೊಳ್ಳಲಿ, ಅವರ ಜಾಗದಲ್ಲಿ ಒಬ್ಬ ವಿದ್ಯಾರ್ಥಿ ಕೂರಲಿ.

ಟಿಕೆಟ್ ಬಿಟ್ಟು ಇನ್ನೊಂದು ದಾರಿಯೂ ಇದೆ. ಶೂಬರ್ಟ್ ಎಂಬ ಯುವ ಸಂಗೀತ ರಚನೆಕಾರನ ಒಂದು ಹಾಡನ್ನು ಅಚ್ಚು ಹಾಕಲು ಪ್ರಕಾಶಕರು ಒಪ್ಪಲಿಲ್ಲ, ಹುಡುಗನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆಗ ಗೆಳೆಯರು ವಿಯೆನ್ನಾದ ಸೊನ್‌ಲೈಟ್‌ನರ್ ಅವರ ಮನೆಯ ಸಂಗೀತ ಸಂಜೆಯಲ್ಲಿ ಈ ಮಾತು ಎತ್ತಿದರು. ಅದೇ ಸಂಜೆ 100 ಪ್ರತಿಗೆ ಜನ ಹೆಸರು ಬರೆಸಿದರು. 1821ರಲ್ಲಿ ಆ ಹಾಡು ಅವನ ಮೊದಲ ಕೃತಿಯಾಗಿ ಅಚ್ಚಾಯಿತು. ನಮ್ಮಲ್ಲೂ ವಯಸ್ಸಾದ ತತ್ವಪದಕಾರರ ಹಾಡುಗಳನ್ನು ರೆಕಾರ್ಡ್ ಮಾಡಿಸುವುದು, ಅವರ ಕೈಬರಹದ ಪದಗಳನ್ನು ಪುಸ್ತಕ ಮಾಡುವುದು ಇದ್ದರೆ ಬೈಠಕ್‌ನಲ್ಲೇ ಮುಂಗಡ ಬರೆಸಿಕೊಳ್ಳಿ.

ಕೋಣೆ ಮತ್ತು ಸದ್ದು

ನಮ್ಮ ಮನೆಗಳಲ್ಲಿ ಕೆಳಗೆ ಶಹಾಬಾದ್ ಕಲ್ಲು, ಮೇಲೆ ಆರ್‌ಸಿಸಿ, ನಾಲ್ಕೂ ಕಡೆ ಬೋಳು ಗೋಡೆ. ಖಾಲಿ ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ, ಗುಂಯ್ ಅನ್ನುತ್ತದೆ. ತಬಲಾದ ಬೋಲ್ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಅದಕ್ಕೆ ನೆಲಕ್ಕೆ ಎರಡು ಪದರ ಜಮಖಾನೆ, ಹಾಡುವವರ ಎದುರಿನ ಗೋಡೆಗೆ ಕೌದಿ ಅಥವಾ ದಪ್ಪ ಚಾದರ ಕಟ್ಟಿ. ಕೌದಿ ಸದ್ದನ್ನು ಚೆನ್ನಾಗಿ ಹೀರುತ್ತದೆ, ನೋಡಲೂ ಚೆಂದ. ಜನ ಬಂದು ಕೂತಮೇಲೆ ಇನ್ನೂ ಕಡಿಮೆ ಆಗುತ್ತದೆ.

60 ಮಂದಿಗೆ ಮೈಕ್ ಬೇಡವೇ ಬೇಡ. ಮೈಕ್ ಇಲ್ಲದಿದ್ದರೆ ಜನ ತಾವೇ ಮಾತು ನಿಲ್ಲಿಸುತ್ತಾರೆ. ಹಾಡುವವರ ಧ್ವನಿ ಬಹಳ ಸಣ್ಣದಾಗಿದ್ದರೆ ಮಾತ್ರ ಒಂದು ಸಣ್ಣ ಸ್ಪೀಕರ್ ಇಡಿ, ರಾತ್ರಿ 10ಕ್ಕೆ ಅದು ಬಂದ್ ಆಗಲೇಬೇಕು, ಕಾನೂನೂ ಅದೇ. ಏರ್ ಕೂಲರ್ ಸದ್ದು ತಂಬೂರಿಯನ್ನು ಪೂರಾ ನುಂಗುತ್ತದೆ. ಎರಡು ಗಂಟೆ ಮೊದಲೇ ಹಚ್ಚಿ ಕೋಣೆ ತಣ್ಣಗೆ ಮಾಡಿ, ಹಾಡು ಶುರುವಾದಾಗ ಆರಿಸಿ, ಚಹಾ ಹೊತ್ತಿಗೆ ಮತ್ತೆ ಹಚ್ಚಿ. ಕರೆಂಟ್ ಹೋಗುವುದಕ್ಕೆ ಇನ್ವರ್ಟರ್ ಇದೆಯೋ ನೋಡಿ.

ಕೂರಿಸುವ ರೀತಿಗೆ ಲಂಡನ್‌ನ ಜಾನ್ ಎಲಾ ಎಂಬವನು ಒಂದು ದಾರಿ ತೋರಿಸಿದ್ದಾನೆ. 1845ರಲ್ಲಿ ಅವನು ಶುರು ಮಾಡಿದ ಸಂಗೀತ ಕೂಟದಲ್ಲಿ ವಾದ್ಯದವರನ್ನು ಕೋಣೆಯ ನಡುವೆ ಕೂರಿಸಿ, ಕೇಳುವವರನ್ನು ಸುತ್ತಲೂ ಕೂರಿಸುತ್ತಿದ್ದ. ಏನು ನುಡಿಸುತ್ತಾರೆ ಅನ್ನುವ ವಿವರಣೆಯನ್ನು ಮೊದಲೇ ಕೇಳುಗರಿಗೆ ಕಳಿಸುತ್ತಿದ್ದ. ನಮ್ಮ ಭಜನೆ ಕೂಡ ಹಾಗೇ ಸುತ್ತುಗಟ್ಟಿ ಕೂತು ನಡೆಯುತ್ತದೆ. ಸ್ಟೇಜ್ ಬೇಡ, ಒಂದು ಗಾದಿ ಸಾಕು. ಮಂಡಿ ನೋವಿನವರಿಗೆ ಹಿಂದೆ ಗೋಡೆಗೆ ಹತ್ತು ಕುರ್ಚಿ. ಮತ್ತೆ ಹಿಂದಿನ ದಿನ ವಾಟ್ಸಾಪಿನಲ್ಲಿ ಎರಡು ಸಾಲು ಬರೆದು ಕಳಿಸಿ: ನಾಳೆ ಪೂರಿಯಾ ಧನಾಶ್ರೀ ರಾಗ ಹಾಡುತ್ತಾರೆ, ಆ ತತ್ವಪದದ ಮಾತುಗಳು ಇವು. ಪದದ ಮಾತು ಗೊತ್ತಿದ್ದವರು ಬೇರೆಯೇ ಥರ ಕೇಳುತ್ತಾರೆ.

ಆ ಸಂಜೆ

ಭಾಷಣ ಬೇಡ. ಸನ್ಮಾನ ಬೇಡ. ಮನೆಯವರೇ ಎದ್ದು ಎರಡು ಮಾತಲ್ಲಿ ಸ್ವಾಗತ ಹೇಳಿ ಕೂರಲಿ. ಯಾರು ಎಷ್ಟು ಕೊಟ್ಟರು ಅಂತ ಮದುವೆಯ ಆಯೇರಿ ಓದುವ ಹಾಗೆ ಓದಬಾರದು. ಕೇಳುವಾಗ ಖುಷಿಯಾಗಿ ಯಾರಾದರೂ ನೋಟು ಹಿಡಿದು ಎದ್ದರೆ ತಡೆಯಬೇಡಿ, ನಮ್ಮ ಕಡೆ ಅದು ಮೆಚ್ಚುಗೆ. ಆದರೆ ಆ ದುಡ್ಡು ಯಾರ ಹಾಡಿಗೆ ಬಂತೋ ಅವರಿಗೇ ಸೇರಲಿ, ಸಾಥಿಯವರಿಗೂ ಪಾಲು ಇರಲಿ. ಮೊಬೈಲಿನಲ್ಲಿ ವಿಡಿಯೊ ಮಾಡುವುದಕ್ಕೆ ಕಲಾವಿದರ ಒಪ್ಪಿಗೆ ಕೇಳಿ.

ದುಡ್ಡಿನ ಕೆಲಸ

ಟಿಕೆಟ್ ದುಡ್ಡು ನಿಮ್ಮ ಸ್ವಂತ ಫೋನ್‌ಪೇಗೆ ಬರುವುದು ಒಳ್ಳೆಯದಲ್ಲ. ಕಲಾವಿದರದೇ ಖಾತೆಯ ಕ್ಯೂಆರ್ ಕೋಡ್ ಟಿಕೆಟ್ ಮೇಲೆ ಹಾಕಿ. ಅವರಿಗೆ ಅದು ತೊಂದರೆ ಆದರೆ ಮನೆಯವರ ಖಾತೆ. ನಗದು ಬಂದರೆ ಇಬ್ಬರು ಸೇರಿ ಎಣಿಸಿ, ಪುಸ್ತಕದಲ್ಲಿ ಬರೆದು, ಇಬ್ಬರೂ ಸಹಿ ಮಾಡಿ. ಆಸ್ಪತ್ರೆಯ ಖರ್ಚಾದರೆ ನೇರ ಆಸ್ಪತ್ರೆಗೆ ಕಟ್ಟಿ ರಸೀದಿ ತಂದು ಕೊಡಬಹುದು, ಅದೂ ಅವರು ಬಯಸಿದರೆ ಮಾತ್ರ. ಸಂಬಂಧಿಕರಲ್ಲದವರಿಂದ ಬರುವ ಉಡುಗೊರೆ ಹಣ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು 50,000 ರೂಪಾಯಿ ದಾಟಿದರೆ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಟಿಕೆಟ್ ದುಡ್ಡು ಅವರ ದುಡಿಮೆಯ ಆದಾಯ. ಮೊತ್ತ ದೊಡ್ಡದಾಗುವ ಹಾಗಿದ್ದರೆ ಪರಿಚಯದ ಸಿಎ ಒಬ್ಬರನ್ನು ಮೊದಲೇ ಕೇಳಿ.

ನಗದು ಇದ್ದರೆ ಅದೇ ರಾತ್ರಿ ಕೊಡಿ. ಎಲ್ಲರ ಮುಂದೆ ಅಲ್ಲ, ಒಳಗಿನ ಕೋಣೆಯಲ್ಲಿ, ಲಕೋಟೆಯಲ್ಲಿ, ಖರ್ಚಿನ ಚೀಟಿ ಜೊತೆಗೆ. ಮರುದಿನ ಟಿಕೆಟ್ ಕೊಂಡವರಿಗೆ ಮೂರು ಸಾಲಿನ ಲೆಕ್ಕ ಕಳಿಸಿ: ಬಂದದ್ದು ಇಷ್ಟು, ಖರ್ಚು ಇಷ್ಟು, ಕೊಟ್ಟದ್ದು ಇಷ್ಟು. ಲೆಕ್ಕ ನೋಡಿದವರು ಮುಂದಿನ ಸಲ ಕೇಳುವ ಮೊದಲೇ ಟಿಕೆಟ್ ಕೊಳ್ಳುತ್ತಾರೆ. ಮನೆ ಕೊಟ್ಟವರ ಜಮಖಾನೆ ಕೊಡವಿ ಮಡಚಿ ಇಟ್ಟು, ಎರವಲು ತಂದ ಕೌದಿಗಳನ್ನು ಅವರವರ ಮನೆಗೆ ಮುಟ್ಟಿಸಿ, ಆಮೇಲೆ ಆ ಸಂಜೆ ಸಾಥ್ ಕೊಟ್ಟವರಲ್ಲಿ ಯಾರಿಗೆ ಬೈಠಕ್ ಬೇಕಾಗಿದೆ ಅಂತ ವಿಚಾರಿಸಲು ಶುರು ಮಾಡಿ. ಮುಂದಿನದು ಬೇರೆ ಓಣಿಯಲ್ಲಿ, ಬೇರೆ ಮನೆಯಲ್ಲಿ ಇರಲಿ.